ಷಟರ್ ಎಳೆದರೆ ಮುಗೀತಾ? ಲೈಸೆನ್ಸ್ ಕಥೆ ಏನು ಸ್ವಾಮಿ?



ಅಂಗಡಿ ಮೇಲೆ ದಾಳಿ ಆಗುವ ದೃಶ್ಯವನ್ನು ನೀವು ಟಿವಿಯಲ್ಲಿ ಎಷ್ಟು ಸಲ ನೋಡಿದ್ದೀರೋ ಲೆಕ್ಕ ಇಲ್ಲ. ಜೀಪು ಬಂದು ನಿಲ್ಲುತ್ತೆ. ಗಲ್ಲಾಪೆಟ್ಟಿಗೆ ಕೆಳಗಿಂದ ಪೊಟ್ಟಣ ಆಚೆ ಬರುತ್ತೆ. ಪಂಚರನ್ನು ನಿಲ್ಲಿಸಿಕೊಂಡು ತೂಕ ಹಾಕ್ತಾರೆ, ಸೀಲ್ ಮಾಡ್ತಾರೆ. ಮುಖಕ್ಕೆ ಕರ್ಚೀಫ್ ಕಟ್ಟಿಕೊಂಡ ಒಬ್ಬನನ್ನು ಜೀಪು ಹತ್ತಿಸ್ತಾರೆ. ಷಟರ್ ಕೆಳಗೆ ಬರುತ್ತೆ. ಅಲ್ಲಿಗೆ ಸುದ್ದಿ ಮುಗೀತು.

ನನ್ನ ಪ್ರಶ್ನೆ ಶುರುವಾಗೋದು ಅಲ್ಲಿಂದ. ಆ ಷಟರ್ ಮತ್ತೆ ಯಾವಾಗ ಮೇಲೆ ಹೋಗುತ್ತೆ? ಗಾಂಜಾ ಮಾರಿ ಸಿಕ್ಕಿಬಿದ್ದ ಅಂಗಡಿಯ ಲೈಸೆನ್ಸ್ ಏನಾಗುತ್ತೆ? ಅದನ್ನು ರದ್ದು ಮಾಡೋರು ಯಾರು? ಪೊಲೀಸರಾ? ಪಾಲಿಕೆಯಾ? ಡಿಸಿ ಸಾಹೇಬರಾ? ಇವತ್ತು ನಾವು ಮಾತಾಡೋಣ ಅಂತಿರೋದು ಈ ಲೈಸೆನ್ಸ್ ವಿಚಾರ.

ಒಂದು ಜಾಗ ಕಣ್ಣ ಮುಂದೆ ಇರಲಿ ಅಂತ ದಾವಣಗೆರೆಯ ಪಿ.ಜೆ. ಬಡಾವಣೆ ತಗೊಳ್ತೀನಿ. ಮೊದಲೇ ಹೇಳಿಬಿಡ್ತೀನಿ, ಅಲ್ಲಿನ ಯಾವ ಅಂಗಡಿಯ ಮೇಲೂ ನಾನು ಆರೋಪ ಮಾಡ್ತಿಲ್ಲ. ರಾಮ್ ಅಂಡ್ ಕೋ ಸರ್ಕಲ್ ಸುತ್ತಮುತ್ತ ಮರ್ಯಾದೆಯಾಗಿ ದುಡಿದು ತಿನ್ನುವ ಜನ ಇದ್ದಾರೆ. ಆ ಬಡಾವಣೆ ಯಾಕೆ ಅಂದ್ರೆ, ನಮ್ಮ ರಾಜ್ಯದ ಯಾವ ವಿದ್ಯಾಕೇಂದ್ರದ ಊರನ್ನು ತಗೊಂಡರೂ ಕಾಣುವ ಚಿತ್ರ ಅಲ್ಲಿದೆ. ದಾವಣಗೆರೆಯಲ್ಲಿ ಮೆಡಿಕಲ್ ಕಾಲೇಜಿದೆ, ಇಂಜಿನಿಯರಿಂಗ್ ಕಾಲೇಜಿದೆ, ಊರಾಚೆ ತೋಳಹುಣಸೆಯಲ್ಲಿ ವಿಶ್ವವಿದ್ಯಾಲಯ ಇದೆ. ಬೇರೆ ಜಿಲ್ಲೆಯಿಂದ, ಬೇರೆ ರಾಜ್ಯದಿಂದ ಬಂದು ರೂಮ್ ಮಾಡಿಕೊಂಡಿರೋ ಹುಡುಗ ಹುಡುಗಿಯರು ಸಾವಿರಾರು. ಆ ಮಕ್ಕಳು ದಿನಕ್ಕೆ ಎರಡು ಸಲ ನಿಲ್ಲೋ ಜಾಗ ಯಾವುದು? ಟೀ ಅಂಗಡಿ, ಬೀಡಾ ಅಂಗಡಿ, ಜ್ಯೂಸ್ ಅಂಗಡಿ. ಗಾಂಜಾ ಮಾರೋನು ಗಿರಾಕಿ ಹುಡುಕಿಕೊಂಡು ಹೋಗೋ ಅಗತ್ಯವೇ ಇಲ್ಲ. ಗಿರಾಕಿ ಬಂದು ನಿಲ್ಲುವ ಕಟ್ಟೆ ಸಿಕ್ಕರೆ ಸಾಕು.

ಈಗ ಕಾನೂನು ನೋಡಿ. 1985ರ ಎನ್‌ಡಿಪಿಎಸ್ ಕಾಯ್ದೆ ಅಂತಿದೆ, ಮಾದಕ ವಸ್ತುಗಳ ಕಾಯ್ದೆ. ಕಠಿಣ ಕಾಯ್ದೆ, ಒಪ್ಪೋಣ. ಆದರೆ ಅದು ತಕ್ಕಡಿ ಹಿಡಿದು ಶಿಕ್ಷೆ ಕೊಡುತ್ತೆ. ಗಾಂಜಾ 20 ಕಿಲೋಗಿಂತ ಹೆಚ್ಚಿದ್ದರೆ ಅದು ವಾಣಿಜ್ಯ ಪ್ರಮಾಣ, 10ರಿಂದ 20 ವರ್ಷ ಜೈಲು. 1 ಕಿಲೋವರೆಗೆ ಇದ್ದರೆ ಅಲ್ಪ ಪ್ರಮಾಣ, ಹೆಚ್ಚೆಂದರೆ ಒಂದು ವರ್ಷ ಜೈಲು ಅಥವಾ 10 ಸಾವಿರ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಮಧ್ಯದಲ್ಲಿದ್ದರೆ 10 ವರ್ಷದವರೆಗೆ.

ಅಂಗಡಿ ನಡೆಸೋನು ಪೆದ್ದನಾ? ಗಲ್ಲಾ ಕೆಳಗೆ 20 ಕಿಲೋ ಇಟ್ಕೊಂಡು ಕೂತಿರ್ತಾನಾ? ಕಾಲು ಕಿಲೋ ಇಟ್ಕೋತಾನೆ. ಖಾಲಿಯಾದರೆ ಮತ್ತೆ ತರಿಸ್ಕೋತಾನೆ. ಸಿಕ್ಕಿಬಿದ್ದ ದಿನ ತಕ್ಕಡಿ ತೋರಿಸೋದು ಆ ದಿನದ ಕಾಲು ಕಿಲೋವನ್ನ. ಹಿಂದಿನ ಎರಡು ವರ್ಷದಲ್ಲಿ ಎಷ್ಟು ಪೊಟ್ಟಣ ಕೈ ಬದಲಾಯ್ತು, ಅದರಲ್ಲಿ ಎಷ್ಟು ಪಿಯುಸಿ ಹುಡುಗರ ಕೈಗೆ ಹೋಯ್ತು, ಅದನ್ನು ತೂಗೋ ತಕ್ಕಡಿ ಇಲ್ಲ. ಅಲ್ಪ ಪ್ರಮಾಣ ಅಂತಾದ್ರೆ ಜಾಮೀನು ಕಷ್ಟವೇ ಅಲ್ಲ. ಕೆಲವೇ ದಿನದಲ್ಲಿ ಆಸಾಮಿ ವಾಪಸ್ಸು, ಅದೇ ಗಲ್ಲಾ ಹಿಂದೆ ಕೂತಿರ್ತಾನೆ.

ಅದಕ್ಕೇ ಲೈಸೆನ್ಸ್ ಮುಖ್ಯ ಅಂತ ನಾನು ಹೇಳ್ತಿರೋದು. ಲೈಸೆನ್ಸಿಗೆ ಗ್ರಾಂ ಲೆಕ್ಕ ಬೇಕಿಲ್ಲ. ಜನರಿಗೆ ಬಾಗಿಲು ತೆರೆದು ವ್ಯಾಪಾರ ಮಾಡೋಕೆ ಊರು ನಿಮ್ಮ ಮೇಲೆ ಇಟ್ಟ ನಂಬಿಕೆ ಅದು. ಅದರಲ್ಲಿ ಷರತ್ತುಗಳಿರುತ್ತೆ. ಷರತ್ತು ಮುರಿದರೆ ಊರು ಆ ನಂಬಿಕೆಯನ್ನು ವಾಪಸ್ ತಗೋಬಹುದು. 50 ಗ್ರಾಂ ಮಾರಿದ್ದರೂ ತಗೋಬಹುದು.

ಕೇಳೋಕೆ ಎಷ್ಟು ಸರಳ, ಅಲ್ವಾ? ಬನ್ನಿ, ಪಿ.ಜೆ. ಬಡಾವಣೆಯ ಒಂದು ರಸ್ತೆಯಲ್ಲಿ ನಡ್ಕೊಂಡು ಹೋಗೋಣ. ಉದಾಹರಣೆಗೆ ಅಂತ ಐದು ಅಂಗಡಿ ಇಟ್ಕೊಳ್ಳೋಣ.

ಮೊದಲನೆಯದು ಬೀಡಾ ಅಂಗಡಿ. ಇದಕ್ಕೆ ಬೇಕಾಗಿರೋದು ಪಾಲಿಕೆಯ ಉದ್ದಿಮೆ ಪರವಾನಗಿ. 1976ರ ಕರ್ನಾಟಕ ಪೌರ ನಿಗಮಗಳ ಕಾಯ್ದೆ ಪ್ರಕಾರ ಕೊಡೋದೂ ಪಾಲಿಕೆ, ರದ್ದು ಮಾಡೋದೂ ಪಾಲಿಕೆ ಆಯುಕ್ತರು. ಎರಡನೆಯದು ಜ್ಯೂಸ್ ಅಂಗಡಿ. ಇದಕ್ಕೆ ಉದ್ದಿಮೆ ಪರವಾನಗಿ ಜೊತೆಗೆ 2006ರ ಆಹಾರ ಸುರಕ್ಷತಾ ಕಾಯ್ದೆಯ ನೋಂದಣಿ. ಅದನ್ನು ತಡೆಹಿಡಿಯೋರು ಆಹಾರ ಸುರಕ್ಷತಾ ಅಧಿಕಾರಿಗಳು. ಮೂರನೆಯದು ಮೆಡಿಕಲ್ ಶಾಪ್. ಅದರ ಲೈಸೆನ್ಸು ಔಷಧ ನಿಯಂತ್ರಣದವರ ಕೈಯಲ್ಲಿ. ನಾಲ್ಕನೆಯದು ಬಾರ್. ಅದು ಸಿಎಲ್-9, ಅಬಕಾರಿ ಇಲಾಖೆ. ಐದನೆಯದು ರಸ್ತೆ ಬದಿಯ ತಳ್ಳುಗಾಡಿ. ಅದಕ್ಕೆ 2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆ, ವ್ಯಾಪಾರದ ಪ್ರಮಾಣಪತ್ರ, ಅದನ್ನು ರದ್ದು ಮಾಡೋಕೆ ಬೇರೆಯದೇ ದಾರಿ.

ಐದು ಅಂಗಡಿ, ಐದು ಕಾಯ್ದೆ, ಬೇರೆ ಬೇರೆ ಇಲಾಖೆ. ಇದೆಲ್ಲದರ ಆಚೆ ಇರೋರು ಪೊಲೀಸರು. ಹಿಡಿಯೋ ಅಧಿಕಾರ ಪೊಲೀಸರಿಗೆ, ಅಬಕಾರಿಯವರಿಗೆ ಇದೆ. ಆದರೆ ಬೀಡಾ ಅಂಗಡಿಯ ಲೈಸೆನ್ಸ್ ರದ್ದು ಮಾಡೋ ಅಧಿಕಾರ ಪೊಲೀಸರಿಗಿಲ್ಲ. ಅವರು ಬರೆದು ಕೇಳಬೇಕು. ಪತ್ರ ಬರೆದರೆ ತಾನೆ ಪಾಲಿಕೆಯಲ್ಲಿ ಕಡತ ತೆರೆಯೋದು? ಪತ್ರವೇ ಬರದಿದ್ದರೆ ಪಾಲಿಕೆ ಆರೋಗ್ಯ ನಿರೀಕ್ಷಕರಿಗೆ ಆ ಕೇಸ್ ಗೊತ್ತಾಗೋದು ಹೇಗೆ? ನಿಮ್ಮ ಹಾಗೆ ಟಿವಿ ನೋಡಿ ತಿಳ್ಕೋಬೇಕು!

ನಾನು ಓದಿದ್ದು ಇಂಜಿನಿಯರಿಂಗ್. ಅಲ್ಲಿ ಮೊದಲ ವರ್ಷವೇ ಪ್ಯಾರಲಲ್ ಸರ್ಕ್ಯೂಟ್ ಅಂತ ಹೇಳಿಕೊಡ್ತಾರೆ. ಒಂದು ದಾರಿ ಕತ್ತರಿಸಿದರೆ ಕರೆಂಟು ಇನ್ನೊಂದು ದಾರಿಯಲ್ಲಿ ಹರಿಯುತ್ತೆ, ಬಲ್ಬು ಉರೀತಾನೇ ಇರುತ್ತೆ. ಜ್ಯೂಸ್ ಅಂಗಡಿಯ ಆಹಾರ ನೋಂದಣಿ ಹೋಯ್ತಾ? ಪಾಲಿಕೆ ಲೈಸೆನ್ಸ್ ಇದೆಯಲ್ಲ, ನಾಳೆಯಿಂದ ಅದು ಮೊಬೈಲ್ ಕರೆನ್ಸಿ ಅಂಗಡಿ. ಪಾಲಿಕೆ ಲೈಸೆನ್ಸೂ ಹೋಯ್ತಾ? ತಮ್ಮನ ಹೆಸರಲ್ಲಿ, ಹೆಂಡತಿ ಹೆಸರಲ್ಲಿ ಹೊಸ ಅರ್ಜಿ. ಅದೂ ಆಗಲಿಲ್ವಾ? 14 ಕಿಲೋಮೀಟರ್ ದೂರದಲ್ಲಿ ಹರಿಹರ ಇದೆ. ಹರಿಹರ ನಗರಸಭೆ ನಡೆಯೋದು 1964ರ ಪುರಸಭೆಗಳ ಕಾಯ್ದೆ ಪ್ರಕಾರ. ಲೈಸೆನ್ಸ್ ಕೊಡೋ ಅಧಿಕಾರಿ ಬೇರೆ, ಕಡತ ಬೇರೆ. ದಾವಣಗೆರೆ ಪಾಲಿಕೆಯ ಆದೇಶ ಬಾತಿ ಗುಡ್ಡ ದಾಟಲ್ಲ. ಹುಡುಗರು ಮಾತ್ರ ದಿನಾ ಬಸ್ಸಲ್ಲಿ, ಬೈಕಲ್ಲಿ ಎರಡೂ ಊರಿಗೆ ಓಡಾಡ್ತಾರೆ.

ಇನ್ನೊಂದು ಗಂಟಿದೆ. ಲೈಸೆನ್ಸ್ ಒಬ್ಬರ ಹೆಸರಲ್ಲಿ. ಬಾಡಿಗೆ ಕರಾರು ಇನ್ನೊಬ್ಬರ ಹೆಸರಲ್ಲಿ. ಗಲ್ಲಾದಲ್ಲಿ ಕೂತಿರೋದು ತಿಂಗಳ ಸಂಬಳದ ಮೂರನೇ ಹುಡುಗ. ಜೀಪು ಹತ್ತೋನು ಆ ಮೂರನೆಯವನು. ಯಜಮಾನ್ರನ್ನು ಕೇಳಿದರೆ, "ನನಗೇನೂ ಗೊತ್ತಿಲ್ಲ ಸಾರ್, ಹುಡುಗ ಮಾಡಿದಾನೆ." ಕ್ರಿಮಿನಲ್ ಕೇಸಲ್ಲಿ ಈ ಮಾತು ನಡೆದುಬಿಡಬಹುದು, ಯಾಕಂದ್ರೆ ಅಲ್ಲಿ ಗೊತ್ತಿತ್ತು ಅಂತ ಸಾಬೀತು ಮಾಡಬೇಕು. ಎನ್‌ಡಿಪಿಎಸ್ ಕಾಯ್ದೆಯ 25ನೇ ಕಲಂ ಕೂಡ ಹಾಗೇ: ತನ್ನ ಜಾಗವನ್ನು ಈ ದಂಧೆಗೆ ಗೊತ್ತಿದ್ದೂ ಬಿಟ್ಟುಕೊಟ್ಟವನಿಗೆ, ದಂಧೆ ಮಾಡಿದವನಿಗೆ ಇರುವಷ್ಟೇ ಶಿಕ್ಷೆ. ಮನೆ ಮಾಲೀಕರು, ಮಳಿಗೆ ಮಾಲೀಕರು ಇದನ್ನು ಕಿವಿಗೆ ಹಾಕ್ಕೊಳ್ಳಿ. ಆದರೆ ಲೈಸೆನ್ಸ್ ವಿಚಾರಕ್ಕೆ ಬಂದರೆ ಪ್ರಶ್ನೆಯೇ ಬೇರೆ. ನಿಮ್ಮ ಹೆಸರಲ್ಲಿ ಲೈಸೆನ್ಸ್ ಇದೆ, ನಿಮ್ಮ ಅಂಗಡಿಯಲ್ಲಿ ಏನು ಮಾರಾಟ ಆಗುತ್ತೆ ಅಂತ ನೋಡ್ಕೊಳ್ಳೋದು ನಿಮ್ಮ ಕೆಲಸ. ಗೊತ್ತಿಲ್ಲ ಅನ್ನೋದು ನೆಪ ಆಗಬಾರದು, ಅದೇ ತಪ್ಪು ಆಗಬೇಕು.

ಹಾಗಾದ್ರೆ ಇದು ಆಗದ ಕೆಲಸವಾ? ಖಂಡಿತ ಅಲ್ಲ. ಮಂಗಳೂರಿನ ಉದಾಹರಣೆ ಇದೆ. 2023ರ ಜುಲೈನಲ್ಲಿ ಮಂಗಳೂರು ಪೊಲೀಸರು ನಗರದ ಎರಡು ಅಂಗಡಿಗಳಲ್ಲಿ ಭಂಗ್ ಬೆರೆತ ಚಾಕೊಲೇಟ್ ಹಿಡಿದರು. ನೂರು ಕಿಲೋ ಆಸುಪಾಸು ಮಾಲು. ನೋಡೋಕೆ ಮಕ್ಕಳು ತಿನ್ನೋ ಮಿಠಾಯಿ ಥರ, ಬಣ್ಣದ ಹಾಳೆಯಲ್ಲಿ ಸುತ್ತಿದ್ದು. ಸ್ಯಾಂಪಲ್ ಪ್ರಯೋಗಾಲಯಕ್ಕೆ ಹೋಯ್ತು, ಮಾದಕ ಅಂಶ ಇದೆ ಅಂತ ವರದಿ ಬಂತು. ಅಲ್ಲಿಗೆ ನಿಲ್ಲಲಿಲ್ಲ. ಪೊಲೀಸರು ಪಾಲಿಕೆಗೆ ಬರೆದರು, ಇಂಥ ಅಂಗಡಿಗಳ ಉದ್ದಿಮೆ ಪರವಾನಗಿ ರದ್ದಾಯ್ತು. ಹೊಸ ಕಾನೂನು ಬೇಕಾಗಲಿಲ್ಲ, ವಿಧಾನಸಭೆ ಸೇರಬೇಕಾಗಲಿಲ್ಲ. ಒಂದು ಇಲಾಖೆ ಇನ್ನೊಂದು ಇಲಾಖೆಗೆ ಒಂದು ಪತ್ರ ಬರೀತು, ಅಷ್ಟೆ. ಮಂಗಳೂರಲ್ಲಿ ಆಗಿದ್ದು ದಾವಣಗೆರೆಯಲ್ಲಿ ಯಾಕಾಗಬಾರದು? ಹರಿಹರದಲ್ಲಿ, ಶಿವಮೊಗ್ಗದಲ್ಲಿ, ಹುಬ್ಬಳ್ಳಿಯಲ್ಲಿ ಯಾಕಾಗಬಾರದು?

ಅದೇ ಚಾಕೊಲೇಟಿನ ಒಳಗೆ ಇನ್ನೊಂದು ಕಥೆ ಅಡಗಿದೆ, ಕೇಳಿ. ಭಂಗ್ ಅಂದ್ರೆ ನಮ್ಮ ಹಿರಿಯರು ಬಂಗಿ ಸೊಪ್ಪು ಅಂತಿದ್ರಲ್ಲ, ಅದೇ. ಎನ್‌ಡಿಪಿಎಸ್ ಕಾಯ್ದೆಯಲ್ಲಿ ಗಾಂಜಾ ಅಂದ್ರೆ ಗಿಡದ ಹೂವಿನ, ಕಾಯಿಯ ತುದಿ. ಬರೀ ಎಲೆ, ಬರೀ ಬೀಜ ಇದ್ದರೆ ಅದು ಗಾಂಜಾ ಲೆಕ್ಕಕ್ಕೆ ಬರಲ್ಲ. 2022ರ ಆಗಸ್ಟ್‌ನಲ್ಲಿ ನಮ್ಮ ಹೈಕೋರ್ಟ್ ಒಬ್ಬ ಆರೋಪಿಗೆ ಜಾಮೀನು ಕೊಡುವಾಗ ಇದೇ ಅಂಶ ಎತ್ತಿ ಹೇಳಿತು: ಭಂಗನ್ನು ಗಾಂಜಾದಿಂದಲೋ ಚರಸ್ಸಿನಿಂದಲೋ ಮಾಡಿದ್ದಾರೆ ಅನ್ನೋದಕ್ಕೆ ವೈಜ್ಞಾನಿಕ ಪುರಾವೆ ಎಲ್ಲಿದೆ? ಕೋರ್ಟ್ ಹೇಳಿದ್ದು ಕಾನೂನಿನಲ್ಲಿ ಇರೋದನ್ನೇ. ಆದರೆ ದಂಧೆ ಮಾಡೋರು ಅದನ್ನು ಬೇರೆ ಥರ ಓದ್ಕೊಂಡ್ರು. ಓಹೋ, ಇದಕ್ಕೆ ಕೇಸೇ ನಿಲ್ಲಲ್ಲ!

ಇನ್ನೂ ಮಜಾ ಏನಂದ್ರೆ, ಇಂಥ ಎಷ್ಟೋ ಗುಳಿಗೆ, ಚಾಕೊಲೇಟುಗಳು ಉತ್ತರ ಭಾರತದಿಂದ ಬರೋದು ಆಯುರ್ವೇದ ಔಷಧ ಅನ್ನೋ ಹಣೆಪಟ್ಟಿ ಹೊತ್ತು. ಆಯುರ್ವೇದ ಔಷಧ ತಯಾರು ಮಾಡೋಕೆ ಲೈಸೆನ್ಸ್ ಬೇಕು. ಚಿಲ್ಲರೆ ಅಂಗಡಿಯಲ್ಲಿ ಮಾರೋಕೆ? ಅಲೋಪತಿ ಮಾತ್ರೆಗೆ ಬೇಕಾಗೋ ಥರ ಮಾರಾಟದ ಲೈಸೆನ್ಸ್ ಬೇಕಿಲ್ಲ! ಔಷಧ ನಿಯಮಗಳ ಶೆಡ್ಯೂಲ್ ಇ-1 ಅಂತಿದೆ, ವಿಷಕಾರಿ ಪದಾರ್ಥಗಳ ಪಟ್ಟಿ. ಅದರಲ್ಲಿ ಭಂಗಿನ ಹೆಸರಿದೆ. ಅದು ಬೆರೆತ ಔಷಧದ ಮೇಲೆ ವೈದ್ಯರ ಮೇಲ್ವಿಚಾರಣೆಯಲ್ಲೇ ತಗೋಬೇಕು ಅನ್ನೋ ಎಚ್ಚರಿಕೆ ಇರಬೇಕು. ಯಾವ ಭಾಷೆಯಲ್ಲಿ? ಇಂಗ್ಲಿಷ್ ಮತ್ತು ಹಿಂದಿಯಲ್ಲಿ. ಕನ್ನಡದ ಊರಿನ ಬೀಡಾ ಅಂಗಡಿಯಲ್ಲಿ, ಕನ್ನಡದ ಹುಡುಗನ ಕೈಗೆ ಹೋಗೋ ಪೊಟ್ಟಣದ ಮೇಲೆ ಕನ್ನಡದಲ್ಲಿ ಎಚ್ಚರಿಕೆ ಇರಲೇಬೇಕು ಅಂತ ನಿಯಮ ಇಲ್ಲ.

ಅಂದ್ರೆ ಏನಾಯ್ತು? ಔಷಧ ಇಲಾಖೆಗೆ ಹೋದರೆ, ರದ್ದು ಮಾಡೋಕೆ ಆ ಅಂಗಡಿಗೆ ನಾವು ಕೊಟ್ಟ ಲೈಸೆನ್ಸೇ ಇಲ್ಲ ಅಂತಾರೆ. ಎನ್‌ಡಿಪಿಎಸ್ ಅಂದ್ರೆ ಪ್ರಯೋಗಾಲಯದ ವರದಿ ಬರಲಿ ಅಂತಾರೆ. ಕೊನೆಗೆ ಕೈಯಲ್ಲಿ ಉಳಿಯೋದು ಒಂದೇ ಹಗ್ಗ, ಪಾಲಿಕೆಯ ಉದ್ದಿಮೆ ಪರವಾನಗಿ. ಬೀಡಾ ಮಾರ್ತೀನಿ ಅಂತ ಬರೆದುಕೊಟ್ಟು ಅಮಲಿನ ಮಿಠಾಯಿ ಮಾರಿದರೆ ಅದು ಷರತ್ತಿನ ಉಲ್ಲಂಘನೆ. ಮಂಗಳೂರಲ್ಲಿ ಎಳೆದದ್ದು ಈ ಹಗ್ಗವನ್ನೇ. ಹದಿನೆಂಟು ತುಂಬದ ಮಕ್ಕಳ ಕೈಗೆ ಕೊಟ್ಟಿದ್ದರಂತೂ 2015ರ ಬಾಲನ್ಯಾಯ ಕಾಯ್ದೆಯ 77ನೇ ಕಲಂ ಇದೆ: ಮಕ್ಕಳಿಗೆ ಅಮಲು ಪದಾರ್ಥ ಕೊಟ್ಟರೆ 7 ವರ್ಷದವರೆಗೆ ಜೈಲು, 1 ಲಕ್ಷದವರೆಗೆ ದಂಡ. ಇಲ್ಲಿ ಗಾಂಜಾ ಹೂವಾ ಎಲೆಯಾ ಅನ್ನೋ ಚರ್ಚೆಗೆ ಜಾಗವೇ ಕಡಿಮೆ. ಎಫ್‌ಐಆರ್ ಬರೆಯುವಾಗ ಈ ಕಲಂ ನೆನಪಿರಲಿ ಅಂತ ಪೊಲೀಸ್ ಅಧಿಕಾರಿಗಳಲ್ಲಿ ನನ್ನ ವಿನಂತಿ.

ಈಗ ನಾಣ್ಯದ ಇನ್ನೊಂದು ಮುಖ. ನೀವು ಅಂಗಡಿ ಇಟ್ಟಿರೋರಾಗಿದ್ದರೆ ಇಷ್ಟು ಹೊತ್ತಿಗೆ ನಿಮ್ಮ ಮನಸ್ಸಲ್ಲಿ ಒಂದು ಭಯ ಬಂದಿರುತ್ತೆ. "ಎದುರು ಅಂಗಡಿಯವನು ನಮ್ಮ ಡಬ್ಬದ ಹಿಂದೆ ಒಂದು ಪೊಟ್ಟಣ ಎಸೆದು ಫೋನ್ ಮಾಡಿದರೆ? ಮಾಮೂಲು ಕೊಡಲಿಲ್ಲ ಅಂತ ಯಾರಾದರೂ ಸಿಕ್ಕಿಸಿದರೆ? ಸಾಲ ಮಾಡಿ ಹಾಕಿದ ಅಂಗಡಿ, ಮನೆ ನಡೆಯೋದು ಇದರಿಂದ." ಈ ಭಯ ಸುಳ್ಳಲ್ಲ. ವ್ಯಾಪಾರ ಮಾಡೋ ಹಕ್ಕು ಸಂವಿಧಾನದ 19ನೇ ವಿಧಿಯಲ್ಲೇ ಇದೆ. ಅದಕ್ಕೇ ರದ್ದತಿಗೆ ಒಂದು ಕ್ರಮ ಇದೆ. ಕಾರಣ ಕೇಳಿ ನೋಟಿಸ್ ಕೊಡಬೇಕು. ಉತ್ತರ ಕೊಡೋಕೆ ಸಮಯ ಕೊಡಬೇಕು. ಕೂರಿಸಿ ಕೇಳಬೇಕು. ಕಾರಣ ಬರೆದು ಆದೇಶ ಮಾಡಬೇಕು. ಆಹಾರ ಸುರಕ್ಷತಾ ಕಾಯ್ದೆಯ 32ನೇ ಕಲಂ ಓದಿ, ಮೊದಲು ಸುಧಾರಣಾ ನೋಟಿಸ್, ಆಮೇಲೆ ಅಮಾನತು, ಆಮೇಲೆ ರದ್ದು. ಜನರ ಆರೋಗ್ಯಕ್ಕೆ ಅಪಾಯ ಇದ್ದರೆ ಕಾರಣ ಬರೆದಿಟ್ಟು ತಕ್ಷಣ ಅಮಾನತು ಮಾಡೋಕೂ ಅವಕಾಶ ಇದೆ.

ಇದನ್ನೆಲ್ಲ ಬಿಟ್ಟು, ಕ್ಯಾಮೆರಾ ಮುಂದೆ ಆವೇಶದಲ್ಲಿ "ಈಗಲೇ ರದ್ದು" ಅಂತ ಘೋಷಣೆ ಮಾಡಿದರೆ ಏನಾಗುತ್ತೆ? ಅಂಗಡಿಯವನು ಬೆಂಗಳೂರಿಗೆ ಹೋಗಿ ಹೈಕೋರ್ಟಿನಲ್ಲಿ ರಿಟ್ ಹಾಕ್ತಾನೆ. ನೋಟಿಸ್ ಕೊಟ್ಟಿಲ್ಲ, ನನ್ನ ಮಾತು ಕೇಳಿಲ್ಲ ಅಂತಾನೆ. ಆದೇಶ ಬಿದ್ದುಹೋಗುತ್ತೆ. ನಿಜವಾಗಲೂ ತಪ್ಪು ಮಾಡಿದವನು ಹಾರ ಹಾಕಿಸ್ಕೊಂಡು ವಾಪಸ್ ಬರ್ತಾನೆ. ಅವಸರದ ರದ್ದತಿಯಿಂದ ಲಾಭ ಆಗೋದು ಕಳ್ಳನಿಗೆ.

ನ್ಯೂಯಾರ್ಕ್ ನಗರದಲ್ಲಿ ಇಂಥದ್ದೇ ಗೋಜಲು ಆಯ್ತು. ಅಲ್ಲಿ 2021ರಲ್ಲಿ ದೊಡ್ಡವರಿಗೆ ಗಾಂಜಾ ಕಾನೂನುಬದ್ಧ ಮಾಡಿದರು, ಲೈಸೆನ್ಸ್ ಇದ್ದ ಅಂಗಡಿಯಲ್ಲಿ ಮಾತ್ರ ಮಾರಬೇಕು ಅಂತ. ಮೊದಲ ಲೈಸೆನ್ಸ್ ಅಂಗಡಿ ಬಾಗಿಲು ತೆರೆಯೋ ಹೊತ್ತಿಗೆ 2022ರ ಡಿಸೆಂಬರ್ ಮುಗೀತಾ ಬಂದಿತ್ತು. ಅಷ್ಟರಲ್ಲಿ ಲೈಸೆನ್ಸ್ ಇಲ್ಲದ ಅಂಗಡಿಗಳು ಗಲ್ಲಿಗಲ್ಲಿಯಲ್ಲಿ ಎದ್ದುಬಿಟ್ಟಿದ್ದವು. 2024ರ ಮೇ ತಿಂಗಳಲ್ಲಿ ನಗರಾಡಳಿತ ಬೀಗ ಜಡಿಯೋ ಕಾರ್ಯಾಚರಣೆ ಶುರು ಮಾಡಿ ಸಾವಿರಕ್ಕೂ ಹೆಚ್ಚು ಅಂಗಡಿ ಮುಚ್ಚಿಸಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಅಲ್ಲಿನ ಒಬ್ಬ ನ್ಯಾಯಾಧೀಶರು ಒಂದು ಅಂಗಡಿ ವಿಚಾರದಲ್ಲಿ ತಡೆದು ಕೇಳಿದರು: ವಿಚಾರಣೆ ನಡೆಸಿದ ಅಧಿಕಾರಿ ಬೀಗ ತೆಗೀಬಹುದು ಅಂದರೂ ನೀವು ತೆಗೀಲಿಲ್ಲ ಅಂದ್ರೆ ಆ ವಿಚಾರಣೆಗೆ ಏನು ಅರ್ಥ? ಗಾಂಜಾ ಕಾನೂನುಬದ್ಧ ಇರೋ ಊರಲ್ಲೂ ಪ್ರಶ್ನೆ ಅದೇ, ನಿಷೇಧ ಇರೋ ನಮ್ಮಲ್ಲೂ ಅದೇ. ಬೀಗ ಹಾಕೋ ಕೈ ಗಟ್ಟಿ ಇರಬೇಕು, ಬೀಗ ಹಾಕೋ ಮುಂಚೆ ಕೇಳೋ ಕಿವಿಯೂ ಇರಬೇಕು.

ಹಾಗಾದ್ರೆ ದಾವಣಗೆರೆ, ಹರಿಹರದಲ್ಲಿ ಏನು ಮಾಡಬಹುದು? ದೊಡ್ಡ ದೊಡ್ಡ ಮಾತು ಬೇಡ, ನಾಲ್ಕು ಕೆಲಸ ಹೇಳ್ತೀನಿ.

ಮೊದಲನೆಯದು. ಅಂಗಡಿಯೊಳಗೆ ಮಾದಕ ವಸ್ತು ಸಿಕ್ಕ ಪ್ರತಿ ಕೇಸಿನಲ್ಲೂ ಪಂಚನಾಮೆಯ ಪ್ರತಿ ಲೈಸೆನ್ಸ್ ಕೊಟ್ಟ ಇಲಾಖೆಗೆ ತಾನಾಗಿ ಹೋಗಬೇಕು. ಯಾರೋ ನೆನಪಿಸಿಕೊಂಡು ಕಳಿಸೋ ಹಾಗಿರಬಾರದು.

ಎರಡನೆಯದು. ಪ್ರಯೋಗಾಲಯದ ವರದಿ ಬರೋವರೆಗೆ ಅಮಾನತು, ವರದಿ ಬಂದ ಮೇಲೆ ವಿಚಾರಣೆ, ಆಮೇಲೆ ರದ್ದು ಅಥವಾ ವಾಪಸ್. ಆದರೆ ವರದಿ ತಿಂಗಳುಗಟ್ಟಲೆ ಕೂತರೆ ನಿರಪರಾಧಿ ಉಪವಾಸ ಬೀಳ್ತಾನೆ, ಅಪರಾಧಿ ದಾರಿ ಹುಡುಕ್ತಾನೆ. ದಾವಣಗೆರೆಯಲ್ಲೇ ಪ್ರಾದೇಶಿಕ ವಿಧಿವಿಜ್ಞಾನ ಪ್ರಯೋಗಾಲಯ ಇದೆ. ಅದಕ್ಕೆ ಬೇಕಾದ ಜನ, ಯಂತ್ರ ಕೊಟ್ಟು ಇಂಥ ಸ್ಯಾಂಪಲ್ಲಿಗೆ ಗಡುವು ಹಾಕಿ.

ಮೂರನೆಯದು. ರದ್ದಾದ ಲೈಸೆನ್ಸುಗಳ ಪಟ್ಟಿ ಜಿಲ್ಲೆಗೆ ಒಂದೇ ಇರಲಿ. ಹೊಸ ಅರ್ಜಿ ಬಂದಾಗ ಹೆಸರಿನ ಜೊತೆ ಮಳಿಗೆಯ ವಿಳಾಸವನ್ನೂ ತಾಳೆ ನೋಡಿ. ಅದೇ ಮಳಿಗೆ, ಅದೇ ಮನೆಯವರು, ಹೊಸ ಬೋರ್ಡು ಅಂದ್ರೆ ಒಂದು ನಿಮಿಷ ನಿಲ್ಲಿ, ವಿಚಾರಿಸಿ. ಇದಕ್ಕೆ ದೊಡ್ಡ ಸಾಫ್ಟ್‌ವೇರ್ ಬೇಕಾಗಿಲ್ಲ, ಒಂದು ಎಕ್ಸೆಲ್ ಶೀಟ್ ಸಾಕು.

ನಾಲ್ಕನೆಯದು. ಇವರನ್ನೆಲ್ಲ ಒಂದೇ ಮೇಜಿಗೆ ಕೂರಿಸೋದು ಹೇಗೆ ಅಂತೀರಾ? ಮೇಜು ಈಗಾಗಲೇ ಇದೆ ಸ್ವಾಮಿ. ಪ್ರತಿ ಜಿಲ್ಲೆಯಲ್ಲೂ ಜಿಲ್ಲಾಧಿಕಾರಿ ಅಧ್ಯಕ್ಷತೆಯಲ್ಲಿ ಎನ್‌ಕಾರ್ಡ್ ಅಂತ ಸಮಿತಿ ಇದೆ, ಮಾದಕ ವಸ್ತು ತಡೆಗೆ ಇಲಾಖೆಗಳ ನಡುವೆ ಹೊಂದಾಣಿಕೆ ಮಾಡೋಕೆ ಅಂತಲೇ ಮಾಡಿದ್ದು. ಆ ಸಭೆಯಲ್ಲಿ ಎಷ್ಟು ಕೇಸ್, ಎಷ್ಟು ಕಿಲೋ ಅಂತ ಓದೋ ಜೊತೆಗೆ ಇನ್ನೊಂದು ಸಾಲು ಸೇರಿಸಿ: ಎಷ್ಟು ಅಂಗಡಿಗೆ ನೋಟಿಸ್ ಹೋಯ್ತು, ಎಷ್ಟು ಲೈಸೆನ್ಸ್ ರದ್ದಾಯ್ತು, ಎಷ್ಟು ತಪ್ಪಿಲ್ಲ ಅಂತ ವಾಪಸ್ ಕೊಟ್ರಿ. ಈ ಮೂರು ಅಂಕಿ ಪ್ರತಿ ತಿಂಗಳು ಜನರ ಮುಂದೆ ಇಡಿ. ಸಾಕು.

ಕೊನೆಯದಾಗಿ ಅಪ್ಪ ಅಮ್ಮಂದಿರಿಗೆ ಒಂದು ಮಾತು. ಅಂಗಡಿ ಮುಚ್ಚಿದ ಮಾತ್ರಕ್ಕೆ ನಿಮ್ಮ ಮಗನ ಚಟ ಮುಚ್ಚಿಹೋಗಲ್ಲ. ಆತ ಸಿಕ್ಕಿಹಾಕ್ಕೊಂಡಿದ್ದಾನೆ ಅಂತ ಗೊತ್ತಾದಾಗ ಮನೆಯವರು ಮೊದಲು ಯೋಚನೆ ಮಾಡೋದು ಮರ್ಯಾದೆ ಬಗ್ಗೆ, ಪೊಲೀಸ್ ಕೇಸಿನ ಬಗ್ಗೆ. ಎನ್‌ಡಿಪಿಎಸ್ ಕಾಯ್ದೆಯ 64-ಎ ಕಲಂ ತಿಳ್ಕೊಳ್ಳಿ. ಬಳಕೆಯ ಕೇಸಲ್ಲಿ, ಅಥವಾ ಅಲ್ಪ ಪ್ರಮಾಣ ಇಟ್ಕೊಂಡ ಕೇಸಲ್ಲಿ ಸಿಕ್ಕ ವ್ಯಸನಿ ತಾನಾಗಿ ಚಿಕಿತ್ಸೆಗೆ ಮುಂದೆ ಬಂದು ಅದನ್ನು ಪೂರ್ತಿ ಮಾಡಿದರೆ, ಆ ಅಪರಾಧದ ವಿಚಾರಣೆಯಿಂದ ರಕ್ಷಣೆ ಇದೆ. ಕಾನೂನು ಅಷ್ಟು ಬಾಗಿಲು ತೆರೆದಿಟ್ಟಿದೆ. ಮಾರಾಟದ ಮಾಹಿತಿ ಕೊಡೋಕೆ, ಸಲಹೆ ಕೇಳೋಕೆ ರಾಷ್ಟ್ರೀಯ ಸಹಾಯವಾಣಿ 1933 ಇದೆ. ನಂಬರ್ ಬರೆದಿಟ್ಟುಕೊಳ್ಳಿ.

ಪಿ.ಜೆ. ಬಡಾವಣೆಯ ಅಂಗಡಿ ಯಜಮಾನ್ರಿಗೂ ಒಂದು ಮಾತು. ನಿಮ್ಮ ಗೋಡೆ ಮೇಲೆ ಫ್ರೇಮ್ ಹಾಕಿ, ಪಕ್ಕಕ್ಕೆ ದೇವರ ಫೋಟೋ ಇಟ್ಟು, ಬೆಳಿಗ್ಗೆ ಊದಿನಕಡ್ಡಿ ಬೆಳಗ್ತೀರಲ್ಲ, ಆ ಲೈಸೆನ್ಸ್ ಬರೀ ಪಾಲಿಕೆಗೆ ದುಡ್ಡು ಕಟ್ಟಿದ ರಸೀದಿ ಅಲ್ಲ. ಎಂಥದೋ ದೂರದ ಊರಿನ ತಾಯಿ ತನ್ನ ಮಗಳನ್ನು ನಿಮ್ಮ ರಸ್ತೆಯಲ್ಲಿ ಓದೋಕೆ ಬಿಟ್ಟು ಹೋಗಿದ್ದಾಳೆ. ನಿಮ್ಮ ಪಕ್ಕದ ಷಟರ್ ಒಳಗೆ ಏನೋ ನಡೀತಿದೆ ಅಂತ ಮೊದಲು ಗೊತ್ತಾಗೋದು ನಿಮಗೆ. ಪೊಲೀಸರಿಗಿಂತ ಮೊದಲು, ನಮ್ಮ ಕ್ಯಾಮೆರಾಗಿಂತ ಮೊದಲು. ಗೊತ್ತಾದ ದಿನ ಸುಮ್ಮನಿರಬೇಡಿ.

ಯೋಚನೆ ಮಾಡಿ.